ದಿನಕ್ಕೆ ಎರಡು ತುಂಡು ಕಡಲೆ ಮಿಠಾಯಿ

ತ್ಯಾಮಗೊಂಡ್ಲು
21 ಆಗಸ್ಟ್ 2022

ಅವರಿಗೆ,

ಫೋನು ಬೇಡ, ಇನ್ನು ಮೇಲೆ ಕಾಗದ ಬರೆಯೋಣ ಎಂದದ್ದಕ್ಕೆ ಕಾರಣ ನಿಮಗೆ ಗೊತ್ತಿದೆ. ನಿಮ್ಮ ಮನೆಯಲ್ಲಿ ಫೋನು ಯಾರ ಕೈಗೆ ಸಿಕ್ಕರೂ ಸ್ಪೀಕರಿಗೆ ಹೋಗುತ್ತದೆ. ನಾನು ನಿಮಗೆ ಹೇಳಿದ ಮಾತಿಗೆ ನಡುಮನೆಯಲ್ಲಿ ಕೂತ ನಾಲ್ಕು ಜನ ಉತ್ತರ ಕೊಡುತ್ತಾರೆ. ನೀವೊಬ್ಬರು ಸುಮ್ಮನಿರುತ್ತೀರಿ.

ಹೋದ ತಿಂಗಳು ತುಮಕೂರಿನಲ್ಲಿ ದೊಡ್ಡ ಡಾಕ್ಟರಿಗೆ ತೋರಿಸಿದೆ. ಕರುಳಿನೊಳಗೆ ಕೊಳವೆ ಇಳಿಸಿ ನೋಡಿದರು. ಹುಣ್ಣಿಲ್ಲ, ಗಡ್ಡೆಯಿಲ್ಲ. ಕರುಳು ಕೆಲವು ಪದಾರ್ಥಗಳನ್ನು ತಡೆದುಕೊಳ್ಳುವುದಿಲ್ಲ, ಅಷ್ಟೆ. ಅವು ಒಳಗೆ ಹೋಗಿ ಹುಳಿ ಬಂದು ಗಾಳಿಯಾಗುತ್ತವಂತೆ. ಅಂಥ ಪದಾರ್ಥಗಳಿಗೆಲ್ಲ ಸೇರಿಸಿ ಫಾಡ್‌ಮ್ಯಾಪ್ ಎಂದು ಹೆಸರು. ಅವನ್ನು ಕಡಿಮೆ ಮಾಡುವುದೇ ಪಥ್ಯ. ಅಲ್ಲಿನ ಹುಡುಗಿಯೊಬ್ಬಳು ಎಲ್ಲವನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟಳು. ಈರುಳ್ಳಿ ಬೇಡ, ಬೆಳ್ಳುಳ್ಳಿ ಬೇಡ. ಗೋಧಿ, ಹಾಲು, ಅವರೆ, ಹುರುಳಿ, ಕಡಲೆ, ಗೋಡಂಬಿ, ಹಲಸು, ಮಾವು ಬೇಡ. ತೊಗರಿಬೇಳೆ ಸದ್ಯಕ್ಕೆ ಬೇಡ. ಜೇನುತುಪ್ಪ ಬೇಡ.

ಇದನ್ನು ಅತ್ತೆಗೆ ಓದಿ ಹೇಳಿ. ಹದಿನೇಳು ವರ್ಷ ಅವರು ನಾಟಕ ಎಂದು ಕರೆದದ್ದಕ್ಕೆ ಈಗ ಒಂದು ಹೆಸರು ಸಿಕ್ಕಿದೆ. ಹೆಸರು ಸಿಕ್ಕಿದ್ದರಿಂದ ನೋವೇನೂ ಕಡಿಮೆಯಾಗಿಲ್ಲ. ಆದರೂ ಹಾಳೆಯನ್ನು ಮಡಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ, ಗುರುತಿನ ಚೀಟಿಯ ಹಾಗೆ.

ಲಕ್ಷ್ಮೀದೇವಮ್ಮ


ಜಡಿಗೇನಹಳ್ಳಿ
4 ಸೆಪ್ಟೆಂಬರ್ 2022

ಲಕ್ಷ್ಮೀ,

ಕಾಗದ ತಲುಪಿತು. ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಇಷ್ಟೂ ಬಿಟ್ರೆ ಇನ್ ತಿನ್ನೋದೇನಪ್ಪಾ, ಗಾಳೀನಾ? ಅದೂ ಹೊಟ್ಟೇಲೇ ತುಂಬ್ಕೊಂಡೈತಂತಲ್ಲ" ಅಂದಳು. ಭಾಗ್ಯ ಒಳಗೆ ಹೋಗಿ ನಕ್ಕಳು. ತಮ್ಮನ ಹೆಂಡತಿ ನಕ್ಕದ್ದಕ್ಕೆ ನಾನು ಏನನ್ನಲಿ. ಆದರೆ ಆಮೇಲೆ ಅವಳೇ ಬಂದು, ಹಾಳೆಯಲ್ಲಿ ಇಂಗು ಇದೆಯಾ ಇಲ್ಲವಾ ಕೇಳಿ ಬರೆಯಿರಿ ಭಾವ ಅಂದಳು. ಬರೆದಿದ್ದೇನೆ.

ವಿಮಾನದ ಊಟ ಕಟ್ಟುವ ಅಡುಗೆಮನೆಯಲ್ಲಿ ನನ್ನನ್ನು ಈಗ ಬೇರೆ ಟೇಬಲ್ಲಿಗೆ ಹಾಕಿದ್ದಾರೆ. ಮೊದಲು ಟ್ರಾಲಿ ತುಂಬುತ್ತಿದ್ದೆ. ಈಗ ವಿಶೇಷ ಊಟದ ತಟ್ಟೆಗಳಿಗೆ ಚೀಟಿ ಅಂಟಿಸುವುದು. ಸಕ್ಕರೆ ಕಾಯಿಲೆಯವರಿಗೆ ಒಂದು, ಜೈನರಿಗೆ ಒಂದು, ಗೋಧಿ ಆಗದವರಿಗೆ ಒಂದು. ಯಾವ ಸೀಟಿನವರಿಗೆ ಯಾವ ತಟ್ಟೆ ಎಂದು ಮೂರು ಸಲ ನೋಡಬೇಕು. ತಪ್ಪಾದರೆ ಮೆಮೊ. ತಿನ್ನುವವರ ಮುಖ ನಾವು ನೋಡುವುದಿಲ್ಲ.

ಇಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಒಂದು ಟೀಚರ್ ಜಾಗ ಖಾಲಿ ಇದೆ ಎಂದು ಕೇಳಿದೆ. ನಿನಗೆ ಗೊತ್ತಿರಲಿ ಎಂದು ಬರೆದೆ.

ಬೇಡವೆಂದು ನೀನು ಬರೆದದ್ದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಅದರಂತೆ ನಡೆದುಕೊಳ್ಳುತ್ತೇನೆ.

ಗಂಗಣ್ಣ


ತ್ಯಾಮಗೊಂಡ್ಲು
13 ನವೆಂಬರ್ 2022

ಅವರಿಗೆ,

ಇಂಗು ಚಿಟಿಕೆ ಹಾಕಬಹುದಂತೆ. ಭಾಗ್ಯಳಿಗೆ ಹೇಳಿ. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಬೇರೆ ಕಾರಣವಿಲ್ಲ, ಬರೆಯುವಂಥದ್ದೇನೂ ಇರಲಿಲ್ಲ.

ನಿಮ್ಮ ಊರಿನಿಂದ ಅಪ್ಪಯ್ಯಣ್ಣನ ತರಕಾರಿ ಟೆಂಪೋ ಮೂರು ಸಲ ಬಂದು ಹೋಯಿತು. ನಿನ್ನೆ ಅವರು ಶಾಲೆಯ ಗೇಟಿನ ಹತ್ತಿರ ನಿಲ್ಲಿಸಿ, "ಈ ಸಲಾನೂ ಡಬ್ಬ ಕೊಟ್ಟಿಲ್ಲ ಮೇಡಮ್ಮೋರೆ, ಗಂಗಣ್ಣ ಮರ್ತೇಬಿಟ್ಟಂಗವ್ನೆ" ಎಂದರು. ಹುಡುಗಿಯರೆಲ್ಲ ನನ್ನ ಮುಖ ನೋಡಿದರು. ಪರವಾಗಿಲ್ಲ ಎಂದೆ.

ನೀವು ತಿಂಗಳಿಗೊಂದರಂತೆ ಕಳಿಸಿದ ಸ್ಟೀಲಿನ ಡಬ್ಬಿಗಳು ನನ್ನಲ್ಲಿ ಮೂರು ಉಳಿದಿವೆ. ತೊಳೆದಿಟ್ಟಿದ್ದೇನೆ. ಮನೆಯಲ್ಲಿ ಕೇಳುತ್ತಿದ್ದರೆ ವಾಪಸು ಕಳಿಸುತ್ತೇನೆ.

ಇಲ್ಲಿ ಬೇಲಿಯ ಪಕ್ಕದ ತೆಂಗಿನ ತೋಟವನ್ನು ಅಳತೆ ಮಾಡುತ್ತಿದ್ದಾರೆ. ಯಾರಿಗೆ ಎಂದು ಯಾರೂ ಹೇಳುವುದಿಲ್ಲ. ವಿಮಾನ ನಿಲ್ದಾಣ ಬಂದಾಗ ದೇವನಹಳ್ಳಿಯಲ್ಲಿ ಶುರುವಾದ ಜಮೀನು ಮಾರಾಟ ಇಲ್ಲಿಯವರೆಗೂ ನಡೆದುಕೊಂಡು ಬಂದಿದೆ.

ಲಕ್ಷ್ಮೀದೇವಮ್ಮ


ಜಡಿಗೇನಹಳ್ಳಿ
20 ನವೆಂಬರ್ 2022

ಲಕ್ಷ್ಮೀ,

ಡಬ್ಬಿ ಅಲ್ಲೇ ಇರಲಿ. ಇಲ್ಲಿ ಯಾರೂ ಕೇಳುತ್ತಿಲ್ಲ.

ಮರೆತಿಲ್ಲ. ಅಪ್ಪಯ್ಯಣ್ಣನಿಗೆ ಬಾಯಿ ಜಾಸ್ತಿ. ಕಡಲೆ ಬೇಡ ಎಂದು ನೀನೇ ಬರೆದಿದ್ದೆ. ಆಗಸ್ಟಿನ ಕಾಗದ ನನ್ನ ಹತ್ತಿರ ಇದೆ, ತೆಗೆದು ನೋಡಿದೆ. ಹುರುಳಿ ಆದಮೇಲೆ ಕಡಲೆ, ಆಮೇಲೆ ಗೋಡಂಬಿ. ಎರಡು ವರ್ಷದಿಂದ ನಾನು ಕಳಿಸುತ್ತಿದ್ದುದು ಒಂದೇ ಒಂದು, ಕಡ್ಲೆ ಮಿಠಾಯಿ. ಅದನ್ನೂ ಬೆಳ್ಳುಳ್ಳಿಯ ಸಾಲಿಗೆ ಸೇರಿಸಿ ಬೇಡ ಎಂದು ಬರೆದೆಯಲ್ಲ, ಅದಕ್ಕಾಗಿಯೇ ಅಷ್ಟು ಉದ್ದದ ಪಟ್ಟಿ ಬರೆದೆಯೇನೋ ಅನ್ನಿಸಿತು. ಇರಲಿ. ಆರೋಗ್ಯ ಮುಖ್ಯ.

ಗಂಗಣ್ಣ


ತ್ಯಾಮಗೊಂಡ್ಲು
27 ನವೆಂಬರ್ 2022

ಅವರಿಗೆ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಆಮೇಲೆ ಒಬ್ಬಳೇ ನಕ್ಕೆ. ಪಕ್ಕದ ಮನೆಯ ಅಶ್ವತ್ಥಮ್ಮ ಬಂದು, ಏನಾಯ್ತು ಮಿಸ್ಸು ಎಂದು ಕೇಳಿದರು. ಅವರೇ ನನ್ನ ಬಾಡಿಗೆ ಮನೆಯ ಓನರು. ಹೇಳಲು ಹೋದರೆ ಅರ್ಧ ಗಂಟೆ ಬೇಕಾಗುತ್ತಿತ್ತು.

ಹಾಳೆಯಲ್ಲಿದ್ದ ಕಡಲೆ ಕಡಲೆಕಾಳು. ಬೇಳೆ ಮಾಡುವುದು, ಉಸಲಿ ಮಾಡುವುದು, ಹುರಿದರೆ ಪಪ್ಪು ಆಗುವುದು. ನಿಮ್ಮ ಮಿಠಾಯಿಯಲ್ಲಿ ಇರುವುದು ಕಡಲೆಬೀಜ. ಅದು ನೆಲದೊಳಗೆ ಬಿಡುವ ಕಾಯಿ. ಎರಡಕ್ಕೂ ಸಂಬಂಧವೇ ಇಲ್ಲ. ಆದರೆ ನಿಮ್ಮ ಕಡೆ ಎಲ್ಲವೂ ಕಡ್ಲೆ. ಹೊಲದಲ್ಲಿದ್ದರೂ ಕಡ್ಲೆ, ಡಬ್ಬಿಯಲ್ಲಿದ್ದರೂ ಕಡ್ಲೆ, ಚಟ್ನಿಗೆ ಹಾಕಿದರೂ ಕಡ್ಲೆ. ಇಪ್ಪತ್ತು ವರ್ಷ ಮಕ್ಕಳಿಗೆ ಪದಗಳ ಅರ್ಥ ಹೇಳಿಕೊಟ್ಟವಳು ನಾನು. ನಿಮಗೆ ಬರೆಯುವಾಗ ಕಾಳು ಎಂಬ ಎರಡಕ್ಷರ ಬಿಟ್ಟೆ.

ಆ ಹುಡುಗಿ ತಿನ್ನಬಹುದಾದವನ್ನೂ ಹಾಳೆಯ ಹಿಂಬದಿಯಲ್ಲಿ ಬರೆದಿದ್ದಳು. ಅದನ್ನು ನಾನು ನಿಮಗೆ ಬರೆಯಲಿಲ್ಲ. ಯಾಕೆ ಬರೆಯಲಿಲ್ಲ ಎಂದು ಈಗ ಕೇಳಿಕೊಂಡರೆ ಉತ್ತರ ಚೆನ್ನಾಗಿಲ್ಲ. ಬೇಡಗಳಷ್ಟೇ ನಿಮಗೆ ತಲುಪಲಿ ಎಂದಿತ್ತು. ಹಿಂಬದಿಯಲ್ಲಿ ಕಡಲೆಬೀಜ ಇದೆ. ಬೆಲ್ಲ ಸ್ವಲ್ಪ ಆಗಬಹುದು. ನಾನು ನಿಮ್ಮ ಮಿಠಾಯಿಯ ತುಂಡೊಂದನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ತೋರಿಸಿದ್ದೆ. ಅವಳು ಅದನ್ನು ಕೈಯಲ್ಲಿ ತೂಗಿ, ಇಷ್ಟು ದಪ್ಪದ್ದಾದರೆ ದಿನಕ್ಕೆ ಎರಡು, ಮೂರನೆಯದು ಬೇಡ ಎಂದಳು.

ಎಲ್ಲ ಸಿಹಿಯೂ ಹೋದಮೇಲೆ ಉಳಿದದ್ದು ಅದೊಂದೇ. ಶಾಲೆ ಬಿಟ್ಟು ಮಕ್ಕಳು ಹೋದ ಮೇಲೆ, ನಾಲ್ಕೂವರೆಗೆ, ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದೆ. ಮೊದಲನೆಯದನ್ನು ಕಡಿದು ತಿನ್ನುವುದು. ಎರಡನೆಯದನ್ನು ಕಡಿಯದೆ ಬೆಲ್ಲ ಕರಗುವವರೆಗೂ ಬಾಯಲ್ಲಿ ಇಟ್ಟುಕೊಂಡು, ಕೊನೆಗೆ ಬೀಜಗಳನ್ನು ಒಂದೊಂದಾಗಿ ಅಗಿಯುವುದು. ಹೊಟ್ಟೆ ಏನೂ ಅನ್ನುತ್ತಿರಲಿಲ್ಲ. ತಿಂದಾದ ಮೇಲೆ ಹೆದರದೆ ಕೂತಿರುವುದು ಹೇಗಿರುತ್ತದೆ ಎಂದು ನನಗೆ ಆಗಲೇ ಗೊತ್ತಾದದ್ದು. ಸೆಪ್ಟೆಂಬರಿನಲ್ಲಿ ಡಬ್ಬಿ ಬರಲಿಲ್ಲ. ಪಥ್ಯದ ಹೆಂಡತಿ ಸಾಕೆನಿಸಿರಬೇಕು ಎಂದುಕೊಂಡೆ.

ಯಾವ ಅಂಗಡಿಯದು ಅದು? ಹೊಸಕೋಟೆಯದಾದರೆ ನಾನೇ ತರಿಸಿಕೊಳ್ಳುತ್ತೇನೆ.

ಲಕ್ಷ್ಮೀದೇವಮ್ಮ


ಜಡಿಗೇನಹಳ್ಳಿ
18 ಡಿಸೆಂಬರ್ 2022

ಲಕ್ಷ್ಮೀ,

ಅಪ್ಪಯ್ಯಣ್ಣನ ಕೈಲಿ ಡಬ್ಬಿ ಕಳಿಸಿದ್ದೇನೆ. ಈ ಕಾಗದಕ್ಕಿಂತ ಮೊದಲೇ ತಲುಪಿರಬೇಕು.

ಅಂಗಡಿಯದಲ್ಲ. ನಾನೇ ಮಾಡುವುದು. ಹೇಳಬಾರದೆಂದು ಇದ್ದೆ, ಯಾಕೆಂದು ಕೇಳಬೇಡ. ವಾರದ ರಜೆಯ ದಿನ ಹಿತ್ತಲಿನ ಒಲೆಯಲ್ಲಿ ಮಾಡುತ್ತೇನೆ. ಬೀಜ ಹುರಿದು ಸಿಪ್ಪೆ ಉಜ್ಜಿ ಮೊರದಲ್ಲಿ ಹಾರಿಸಬೇಕು. ಪಾಕವನ್ನು ತಣ್ಣೀರಿಗೆ ಒಂದು ಹನಿ ಬಿಟ್ಟು ನೋಡಬೇಕು, ಟಣ್ ಎಂದು ಮುರಿದರೆ ಸರಿ, ಎಳೆದರೆ ಇನ್ನೂ ಆಗಿಲ್ಲ. ಮೊದಮೊದಲು ಎಳೆಯುತ್ತಿತ್ತು, ಅದನ್ನೆಲ್ಲ ನಾನೇ ತಿಂದೆ. ಗಂಡಸು ಒಲೆ ಮುಂದೆ ಕೂತಿದ್ದಕ್ಕೆ ಅಮ್ಮ ಬೀದಿಗೆಲ್ಲ ಕೇಳಿಸುವ ಹಾಗೆ, "ವಿಮಾನದೋರಿಗೆ ಮಾಡಿ ಸಾಲ್ದೇನೋ, ಇಲ್ಲೂ ಕ್ಯಾಂಟೀನ್ ಇಟ್ಕೊಂಡ್ಯಾ" ಅಂದಳು.

ಕೆಲಸದ ಜಾಗದಲ್ಲಿ ಜೈನರ ಊಟ ಮಾಡುವ ಅಡುಗೆಯವನನ್ನು ಕೇಳಿ ತಿಳಿದುಕೊಂಡೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದೆಯೂ ಸಾರು ಆಗುತ್ತದೆ. ಟೊಮೇಟೊ, ಮೆಣಸು, ಜೀರಿಗೆ, ಇಂಗು. ಮಾಡಿ ನೋಡಿದೆ. ಭಾಗ್ಯ ಉಂಡು ಪರವಾಗಿಲ್ಲ ಭಾವ ಅಂದಳು. ಯಾವುದೋ ಸೀಟಿನಲ್ಲಿ ಕೂತು ಹೋಗುವವನಿಗೆ ಬೇರೆ ಪಾತ್ರೆ, ಬೇರೆ ಸೌಟು ಇಟ್ಟು ಮಾಡುತ್ತಾರೆ, ನಾನು ಮೂರು ಸಲ ಚೀಟಿ ನೋಡುತ್ತೇನೆ. ಮನೆಯಲ್ಲಿ ಹದಿನೇಳು ವರ್ಷ ಒಂದು ಸಲವೂ ಮಾಡಲಿಲ್ಲ.

ಶಾಲೆಯ ಜಾಗ ಇನ್ನೂ ಖಾಲಿಯೇ ಇದೆ. ಬೇಸಿಗೆ ಆದಮೇಲೆ ವರ್ಗಾವಣೆ ಕೌನ್ಸೆಲಿಂಗ್ ಆಗುತ್ತದಂತಲ್ಲ. ನೀನು ಬರುವುದಾದರೆ ನಿನಗೆ ಬೇರೆ ಒಲೆ ಇಡೋಣ. ಅಮ್ಮ ಹೇಳುವುದು, ಮೊದಲು ಒಂದು ದಿನ ಬಂದು ಇಲ್ಲಿ ಉಂಡು ಹೋಗಲಿ, ನೋಡೋಣ ಎಂದು. ಅವಳ ಮಾತು ಬಿಡು. ಆದರೆ ಒಂದು ದಿನ ಬಾ. ನನಗೂ ನೋಡಬೇಕು ಅನ್ನಿಸುತ್ತದೆ.

ಗಂಗಣ್ಣ


ತ್ಯಾಮಗೊಂಡ್ಲು
12 ಫೆಬ್ರವರಿ 2023

ಅವರಿಗೆ,

ಎರಡು ಡಬ್ಬಿ ಮಿಠಾಯಿ ಬಂತು. ದಿನಕ್ಕೆ ಎರಡರಂತೆ ತಿನ್ನುತ್ತಿದ್ದೇನೆ. ನೀವು ಮಾಡಿದ್ದೆಂದು ಗೊತ್ತಾದ ಮೇಲೆ ರುಚಿ ಬದಲಾಗಿದೆಯೇ ಎಂದು ಗಮನಿಸಿದೆ. ಬದಲಾಗಿಲ್ಲ. ಆದರೆ ಒಂದು ತುಂಡಿನ ಹಿಂದೆ ನಿಮ್ಮ ಬೆರಳಿನ ಗುರುತಿತ್ತು. ಅದನ್ನು ಎರಡು ದಿನ ತಿನ್ನಲಿಲ್ಲ.

ಉತ್ತರ ತಡವಾಯಿತು. ಅವರೆಕಾಯಿ ಕಾಲ ಮುಗಿಯಲಿ ಎಂದು ಕಾಯುತ್ತಿದ್ದೆ. ನಿಮ್ಮ ಮನೆಯ ನೆನಪು ನನಗೆ ಅವರೆಯ ವಾಸನೆಯಲ್ಲಿ ಬರುತ್ತದೆ. ತಿಂಗಳೆರಡು ತಿಂಗಳು ಬೆಳಿಗ್ಗೆ ಅವರೆ, ರಾತ್ರಿ ಅವರೆ. ಎಲ್ಲರೂ ಸುತ್ತ ಕೂತು ಸುಲಿಯುತ್ತಾ ನಗುತ್ತಿದ್ದಿರಿ. ನಾನೂ ಸುಲಿಯುತ್ತಿದ್ದೆ, ಉಣ್ಣುತ್ತಿದ್ದೆ. ಆಮೇಲೆ ಬಚ್ಚಲ ಕೋಣೆಯಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದೆ. ಮಕ್ಕಳಾಗದ್ದಕ್ಕೂ ಆ ನೋವಿಗೂ ಗಂಟು ಹಾಕಿ ಅತ್ತೆ ಏನೇನೋ ಹೇಳಿದರು. ಅದು ನನಗೆ ಅಷ್ಟು ತಾಕಲಿಲ್ಲ. ನಿಮ್ಮ ತಮ್ಮನ ಗೃಹಪ್ರವೇಶದ ದಿನ, ಹಿಂದಿನ ರಾತ್ರಿ ಉಂಡದ್ದರ ನೋವಿಗೆ ನಾನು ಊಟದ ನಡುವೆ ಎದ್ದಾಗ ನೀವು ಹಿಂದೆಯೇ ಬಂದಿರಿ. ನೀರು ತಂದಿರಬೇಕು ಎಂದುಕೊಂಡೆ. "ಬಂದೋರ ಮುಂದೆ ಬೇಡ ಕಣೆ" ಅಂದಿರಿ. ಅಷ್ಟೆ. ನಿಮಗೆ ನೆನಪಿರಲಾರದು.

ನಾನು ವರ್ಗ ಕೇಳಿಕೊಂಡು ಇಲ್ಲಿಗೆ ಬಂದದ್ದು ಆ ಒಂದು ಮಾತಿಗಾಗಿ ಎಂದರೆ ಸುಳ್ಳಾಗುತ್ತದೆ. ಆದರೆ ಅರ್ಜಿ ಬರೆಯುವಾಗ ಕೇಳಿಸುತ್ತಿದ್ದುದು ಅದೇ.

ಜೂನಿನಲ್ಲಿ ಕೌನ್ಸೆಲಿಂಗ್ ಇದೆ. ಅರ್ಜಿ ಹಾಕಿದ್ದೇನೆ. ಸರದಿ ಬಂದಾಗ ಪರದೆಯ ಮೇಲೆ ಖಾಲಿ ಇರುವ ಶಾಲೆಗಳನ್ನು ತೋರಿಸುತ್ತಾರೆ, ಒಂದನ್ನು ಹೇಳಬೇಕು. ಹೇಳಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ, ಮತ್ತೆ ಕೆಲವು ವರ್ಷ ಕೇಳುವಂತೆಯೂ ಇಲ್ಲ. ಅದಕ್ಕೆ ಮೊದಲು ಒಂದು ದಿನ ಬಂದು ಉಂಡು ಹೋಗುತ್ತೇನೆ. ಏಪ್ರಿಲ್ ಮೂವತ್ತು, ಭಾನುವಾರ. ಆಸೆ ಎಂದು ಬರೆಯುವುದಿಲ್ಲ. ಬರುತ್ತೇನೆ ಎಂದಷ್ಟೇ ಬರೆಯುತ್ತೇನೆ.

ಲಕ್ಷ್ಮೀದೇವಮ್ಮ


ಜಡಿಗೇನಹಳ್ಳಿ
16 ಏಪ್ರಿಲ್ 2023

ಲಕ್ಷ್ಮೀ,

ಆ ಮಾತು ನೆನಪಿದೆ.

ಭಾನುವಾರ ನನ್ನ ರಜೆ. ಹೊಸಕೋಟೆ ಬಸ್ ನಿಲ್ದಾಣಕ್ಕೆ ಬಂದಿರುತ್ತೇನೆ. ಊಟ ತರಬೇಡ. ಭಾಗ್ಯ ಹೊಸ ಬಾಣಲೆ ತೆಗೆದಿಟ್ಟಿದ್ದಾಳೆ.

ಗಂಗಣ್ಣ


ತ್ಯಾಮಗೊಂಡ್ಲು
4 ಮೇ 2023

ಅವರಿಗೆ,

ಚೆನ್ನಾಗಿ ತಲುಪಿದೆ. ಚುನಾವಣೆ ಕೆಲಸದ ತರಬೇತಿ ಇತ್ತು, ಕಾಗದ ನಾಲ್ಕು ದಿನ ತಡವಾಯಿತು.

ಅಂದಿನ ಊಟದ ಬಗ್ಗೆ ಎಷ್ಟು ಬರೆಯಬೇಕೋ ತಿಳಿಯುತ್ತಿಲ್ಲ. ಅನ್ನ, ಮೆಣಸಿನ ಸಾರು, ಬೀನ್ಸ್ ಪಲ್ಯ. ಭಾಗ್ಯ ಬಡಿಸುತ್ತಾ, "ಅಕ್ಕಾ, ಒಗ್ಗರಣೆ ಸೌಟೂ ಬೇರೇದೇ, ಬೇಕಾದ್ರೆ ಮೂಸಿ ನೋಡಿ" ಎಂದು ಸೌಟನ್ನು ನನ್ನ ಮೂಗಿನ ಹತ್ತಿರ ತಂದಳು. ಅತ್ತೆ ಎರಡನೆಯ ಸಲ ಸಾರು ಬೇಕಾ ಎಂದು ಕೈಸನ್ನೆ ಮಾಡಿದರು. ಅವರು ನನ್ನನ್ನು ಏನಾದರೂ ಬೇಕಾ ಎಂದು ಕೇಳಿದ್ದು ಅದೇ ಮೊದಲು.

ನೀವು ತಂದಿಟ್ಟ ಮಿಠಾಯಿ ಆವತ್ತು ಸ್ವಲ್ಪ ಮೆತ್ತಗಿತ್ತು. ಪಾಕ ಎಳೆಯದಾಗಿರಬೇಕು. ಆದರೂ ನಾನು ಎಣಿಸದೆ ತಿಂದೆ. ಐದಾಗಿರಬಹುದು. ಹಿತ್ತಲ ಕಟ್ಟೆಯ ಮೇಲೆ ಕೂತು, ನೀವು ಎದುರಿಗೆ ನಿಂತು ನೋಡುತ್ತಿರುವಾಗ, ಮಾತಾಡುತ್ತಾ ಮಾತಾಡುತ್ತಾ ತಿಂದುಬಿಟ್ಟೆ. ನೀವು ಹೊಟ್ಟೆ ಹೇಗಿದೆ ಎಂದು ಮೂರು ಸಲ ಕೇಳಿದಿರಿ. ಯಾರೂ ಹಾಗೆ ಕೇಳಿರಲಿಲ್ಲ. ಚೆನ್ನಾಗಿದೆ ಎಂದೆ.

ಈಗಲೂ ಚೆನ್ನಾಗಿದೆ.

ಕೌನ್ಸೆಲಿಂಗಿಗೆ ಇನ್ನೂ ತಿಂಗಳ ಮೇಲಿದೆ. ನಿಮ್ಮ ಕಾಗದ ಬರಲಿ.

ಲಕ್ಷ್ಮೀದೇವಮ್ಮ


ತ್ಯಾಮಗೊಂಡ್ಲು
4 ಜೂನ್ 2023

ಅವರಿಗೆ,

ನಿಮ್ಮಿಂದ ಕಾಗದವಿಲ್ಲದೆ ಒಂದು ತಿಂಗಳಾಯಿತು. ಡಬ್ಬಿಯೂ ಬಂದಿಲ್ಲ. ಅಪ್ಪಯ್ಯಣ್ಣ ಈ ಸಲ ಏನೂ ಹೇಳದೆ ಕೊತ್ತಂಬರಿ ಇಳಿಸಿ ಹೋದರು.

ಮತ್ತೆ ಯಾವುದಾದರೂ ಪದವನ್ನು ನಾನು ಅರ್ಧ ಬರೆದೆನೇ ಎಂದು ಹಿಂದಿನ ಕಾಗದವನ್ನು ನೆನಪು ಮಾಡಿಕೊಂಡೆ. ಕಾಣಲಿಲ್ಲ.

ಕೌನ್ಸೆಲಿಂಗ್ ಹದಿನೈದನೇ ತಾರೀಕು, ಗುರುವಾರ. ಜಡಿಗೇನಹಳ್ಳಿಯ ಜಾಗ ಪಟ್ಟಿಯಲ್ಲಿದೆ. ನನಗಿಂತ ಮೊದಲಿನವರು ಯಾರೂ ಅದನ್ನು ತೆಗೆದುಕೊಳ್ಳಲಿಕ್ಕಿಲ್ಲ. ಎಲ್ಲರಿಗೂ ದೇವನಹಳ್ಳಿ ಬೇಕು. ನೀವು ಬಾ ಎಂದರೆ ಬರುತ್ತೇನೆ. ಒಂದು ಮಾತು ಬರೆಯಿರಿ, ಸಾಕು.

ಲಕ್ಷ್ಮೀದೇವಮ್ಮ


ಜಡಿಗೇನಹಳ್ಳಿ
12 ಜೂನ್ 2023

ಲಕ್ಷ್ಮೀ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಈಗ ಹರಿಯುವುದಿಲ್ಲ.

ಆವತ್ತಿನ ಮಿಠಾಯಿ ಮೆತ್ತಗಿದ್ದುದು ಪಾಕದಿಂದಲ್ಲ. ಅದರಲ್ಲಿ ಪಪ್ಪು ಇತ್ತು. ಹುರಿಗಡಲೆಯನ್ನು ನುಣ್ಣಗೆ ಪುಡಿ ಮಾಡಿ, ಬೀಜದಷ್ಟೇ ಹಾಕಿ, ಮೇಲೆ ಬೀಜ ಕಾಣುವ ಹಾಗೆ ಒತ್ತಿದ್ದೆ. ಅಮ್ಮ ಹೇಳಿದ್ದಲ್ಲ. ಭಾಗ್ಯಳಿಗೂ ಗೊತ್ತಿಲ್ಲ. ನಾನೇ ಮಾಡಿದ್ದು.

ಕೆಟ್ಟದ್ದಕ್ಕೆ ಮಾಡಲಿಲ್ಲ. ಇದನ್ನು ನೀನು ನಂಬಬೇಕು. ನೀನು ಬಂದ ಮೇಲೆ ಅಮ್ಮ ದಿನಾ ಒಂದು ಮಾತು ಆಡುತ್ತಾಳೆ, ನಾನು ದಿನಾ ಉತ್ತರ ಕೊಡಬೇಕು. ಕೊಡಬೇಕಾದರೆ ನನ್ನೊಳಗೆ ಅನುಮಾನ ಇರಬಾರದು. ನನ್ನ ಒಳಗೆ ಅದು ಇತ್ತು. ಹದಿನೇಳು ವರ್ಷ ಒಂದೇ ಮಾತು ಕೇಳಿದರೆ ಗೋಡೆಗೂ ಹತ್ತಿಕೊಳ್ಳುತ್ತದೆ. ನಿನಗೆ ಹೊಟ್ಟೆ ನೋಯಲಿ ಎಂದು ಹಿತ್ತಲಲ್ಲಿ ನಿಂತು ಕಾದೆ. ನೋಯುತ್ತದೆ, ನಾನು ಓಡಿಹೋಗಿ ಅಮ್ಮನನ್ನು ಕರೆದು ತೋರಿಸುತ್ತೇನೆ, ಎಲ್ಲರ ಮುಂದೆ ನಿನ್ನ ಕಾಲು ಹಿಡಿಯುತ್ತೇನೆ ಎಂದುಕೊಂಡಿದ್ದೆ. ನೀನು ಎರಡು ತಿಂದೆ. ಮೂರು. ಐದು ತಿಂದೆ. ನಾನು ಕೇಳಿದೆ, ನೀನು ಚೆನ್ನಾಗಿದೆ ಅಂದೆ. ಬಸ್ಸು ಹತ್ತಿಸುವಾಗ ಕೇಳಿದೆ, ನೀನು ನಗುತ್ತಿದ್ದೆ. ಆಮೇಲೆ ಕಾಗದದಲ್ಲೂ ಚೆನ್ನಾಗಿದೆ ಎಂದು ಬರೆದೆ.

ಒಂದು ತಿಂಗಳಿಂದ ಅದನ್ನೇ ಯೋಚಿಸುತ್ತಿದ್ದೇನೆ. ನೀನು ಬೇಕೆಂದೇ ಸುಳ್ಳು ಹೇಳಿದೆ ಎಂದು ನಾನು ಹೇಳುವುದಿಲ್ಲ. ಮನಸ್ಸಿಗೆ ಬಂದದ್ದು ಹೊಟ್ಟೆಗೆ ಬರುತ್ತದೆ ಎಂದು ಕೆಲಸದ ಜಾಗದಲ್ಲಿ ಒಬ್ಬರು ಹೇಳಿದರು. ಈ ಮನೆ ನಿನಗೆ ಆಗಲಿಲ್ಲ, ಅದನ್ನು ನೀನು ಬೇಳೆ ಆಗುವುದಿಲ್ಲ ಎಂದು ಹೇಳಿದೆ. ಅಷ್ಟೇ ಇರಬಹುದು.

ಬಾ ಎಂದೇ ಹೇಳುತ್ತೇನೆ. ನಾನು ಅಮ್ಮನಿಗೆ ಏನೂ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ಆ ಹಾಳೆಯನ್ನು ಅಲ್ಲೇ ಬಿಟ್ಟು ಬಾ. ಎಲ್ಲರ ಜೊತೆ ಕೂತು ಉಣ್ಣು. ಉಂಡರೆ ಏನೂ ಆಗುವುದಿಲ್ಲ, ನಾನೇ ಕಣ್ಣಾರೆ ನೋಡಿದ್ದೇನೆ.

ಗಂಗಣ್ಣ


ತ್ಯಾಮಗೊಂಡ್ಲು
21 ಜೂನ್ 2023

ಅವರಿಗೆ,

ನಿಮ್ಮ ಕಾಗದ ನನಗೆ ಸಿಕ್ಕಿದ್ದು ಮೊನ್ನೆ, ಹತ್ತೊಂಬತ್ತನೇ ತಾರೀಕು.

ಆಗಿದ್ದನ್ನು ಆದ ಹಾಗೆ ಬರೆಯುತ್ತೇನೆ. ಇವು ತಿಂದ ಕೂಡಲೇ ನೋಯುವಂಥವಲ್ಲ. ಕರುಳಿನ ಕೊನೆಯವರೆಗೂ ಹೋಗಬೇಕು. ಐದು ಗಂಟೆ, ಎಂಟು ಗಂಟೆ, ಕೆಲವು ಸಲ ಮರುದಿನ. ಹದಿನೇಳು ವರ್ಷದಲ್ಲಿ ಇದನ್ನು ಗಮನಿಸುವಷ್ಟು ಹತ್ತಿರ ಯಾರೂ ಬರಲಿಲ್ಲವಾದ್ದರಿಂದ ನಿಮಗೆ ಗೊತ್ತಿಲ್ಲ. ಆವತ್ತು ಸಂಜೆ ಐದಕ್ಕೆ ನೀವು ಬಸ್ಸು ಹತ್ತಿಸಿದಿರಿ. ಮೆಜೆಸ್ಟಿಕ್‌ನಲ್ಲಿ ಶುರುವಾಯಿತು. ನೆಲಮಂಗಲದಲ್ಲಿ ಇಳಿದು ಒಂದು ಗಂಟೆ ನಿಲ್ದಾಣದ ಶೌಚಾಲಯದಲ್ಲಿದ್ದೆ. ಕಾವಲಿಗೆ ಕೂತಿದ್ದ ಹೆಂಗಸು ಬಾಗಿಲು ತಟ್ಟಿ, "ಬದುಕಿದ್ದೀಯೇನವ್ವಾ" ಎಂದು ಕೇಳಿದಳು. ಕೊನೆಯ ಬಸ್ಸಿಗೆ ಊರು ಮುಟ್ಟಿದೆ. ಮೂರು ದಿನ ಅಶ್ವತ್ಥಮ್ಮ ಗಂಜಿ ಮಾಡಿ ತಂದುಕೊಟ್ಟರು. ಚುನಾವಣೆ ತರಬೇತಿಯಲ್ಲಿ ನಾಲ್ಕು ಸಲ ಎದ್ದು ಹೊರಗೆ ಹೋದದ್ದಕ್ಕೆ ಅಧಿಕಾರಿ ಎಲ್ಲರ ಮುಂದೆ ಹೆಸರು ಕೇಳಿದರು. ನಾಲ್ಕನೇ ದಿನ, ಕೂರಲು ಆದಮೇಲೆ, ಚೆನ್ನಾಗಿದೆ ಎಂದು ನಿಮಗೆ ಬರೆದೆ.

ಐದು ತುಂಡು ತಿಂದದ್ದು ನನ್ನದೇ ತಪ್ಪು ಎಂದುಕೊಂಡಿದ್ದೆ. ಬೆಲ್ಲ ಹೆಚ್ಚಾಯಿತು ಎಂದುಕೊಂಡೆ. ನಿಜ ಬರೆದರೆ, ಅಷ್ಟು ಮಾಡಿಯೂ ಇವಳಿಗೆ ಆಗಲಿಲ್ಲ ಎಂದು ನಿಮ್ಮ ಮನೆಯಲ್ಲಿ ಅನ್ನುತ್ತಾರೆ, ಭಾಗ್ಯಳ ಸೌಟಿಗೆ ಮಾತು ಬರುತ್ತದೆ, ನೀವು ಸೋಲುತ್ತೀರಿ ಎಂದು ಬರೆಯಲಿಲ್ಲ. ಅಷ್ಟೂ ವರ್ಷ ನೋವನ್ನು ನಿಜವೆಂದು ಹೇಳುತ್ತಾ ಬಂದವಳು ಒಂದೇ ಒಂದು ಸಲ ಸುಳ್ಳು ಬರೆದೆ, ನಿಮ್ಮ ಹತ್ತಿರ ಬರಬೇಕೆಂದು. ನೀವು ನಂಬಿದ್ದು ಅದೊಂದನ್ನೇ.

ನಿಮ್ಮ ಮೇಲೆ ಸಿಟ್ಟು ಬಂದಿದ್ದರೆ ಬರೆಯುವುದು ಸುಲಭವಾಗುತ್ತಿತ್ತು. ಬಂದಿಲ್ಲ. ಬೇರೆಯವರು ಮಾಡಿದ್ದರೆ ನಿಮ್ಮ ಹತ್ತಿರ ಹೇಳಿಕೊಳ್ಳುತ್ತಿದ್ದೆ. ಮೆಟ್ಟಿಲ ಮೇಲೆ ಕೂತಾಗ ಮಾತ್ರ ಒಂದು ಬದಲಾವಣೆ ಆಗಿದೆ. ಅಂಗಡಿಯಿಂದ ತಂದ ಮಿಠಾಯಿಯನ್ನೂ ಈಗ ಮುರಿದು ಒಳಗೆ ನೋಡುತ್ತೇನೆ. ನೋಡಿದ ಮೇಲೆ ತಿನ್ನಲು ಆಗುವುದಿಲ್ಲ.

ಹದಿನಾಲ್ಕರ ಸಂಜೆ ನಿಮಗೆ ಫೋನು ಮಾಡಿದ್ದೆ. ಅತ್ತೆ ಎತ್ತಿ ಸ್ಪೀಕರಿಗೆ ಹಾಕಿದರು. ಟೀವಿಯ ಸದ್ದು, ಯಾರೋ ನಕ್ಕದ್ದು ಕೇಳಿಸಿತು. ಇಟ್ಟುಬಿಟ್ಟೆ. ಮರುದಿನ ಜಿಲ್ಲಾ ಕಚೇರಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನನ್ನ ಸರದಿ ಬಂತು. ಪರದೆಯ ಮೇಲೆ ಹನ್ನೊಂದು ಶಾಲೆಗಳಿದ್ದವು. ನಿಮ್ಮಿಂದ ಮಾತು ಬಂದಿರಲಿಲ್ಲ. ಮೌನಕ್ಕೆ ಒಳ್ಳೆಯ ಅರ್ಥವನ್ನೇ ಕಟ್ಟೋಣ ಎಂದುಕೊಂಡು ಜಡಿಗೇನಹಳ್ಳಿ ಎಂದೆ. ಕಂಪ್ಯೂಟರಿನ ಮುಂದೆ ಕೂತಿದ್ದವರು, "ಖಚಿತಾನಾ ಮೇಡಂ, ಆಮೇಲೆ ಬದಲಾಯ್ಸಕ್ಕಾಗಲ್ಲ" ಎಂದು ಎರಡು ಸಲ ಕೇಳಿದರು. ಎರಡು ಸಲವೂ ಹೌದು ಎಂದೆ. ಆದೇಶ ಕೈಗೆ ಕೊಟ್ಟರು. ನಾಲ್ಕು ದಿನದ ನಂತರ ನಿಮ್ಮ ಕಾಗದ ಬಂತು.

ನಿನ್ನೆ ಹೋಗಿ ವಿಚಾರಿಸಿದೆ. ರದ್ದು ಮಾಡುವ ದಾರಿಯಿಲ್ಲ.

ಜುಲೈ ಮೂರರಂದು ಕೆಲಸಕ್ಕೆ ಹಾಜರಾಗುತ್ತೇನೆ. ಹೊಸಕೋಟೆಯಲ್ಲಿ ಒಂದು ಕೋಣೆ ನೋಡಿದ್ದೇನೆ, ಒಲೆ ಇಡಲು ಕಟ್ಟೆ ಇದೆ. ಅಲ್ಲಿಂದ ಬಸ್ಸಿನಲ್ಲಿ ಓಡಾಡುತ್ತೇನೆ. ಭಾಗ್ಯಳಿಗೆ ನಾನೇ ಒಮ್ಮೆ ಸಿಕ್ಕಿ ಹೇಳುತ್ತೇನೆ, ಅವಳ ಅಡುಗೆಯಲ್ಲಿ ತಪ್ಪಿರಲಿಲ್ಲ ಎಂದು. ಅತ್ತೆಗೆ ನೀವು ಏನು ಬೇಕಾದರೂ ಹೇಳಿ.

ನಿಮ್ಮನ್ನು ಕೆಲಸಕ್ಕೆ ಕರೆದೊಯ್ಯುವ ಕಂಪನಿಯ ವ್ಯಾನು ನಿಲ್ಲುವುದು ಶಾಲೆಯ ಎದುರಿಗೇ. ಬೆಳಿಗ್ಗೆ ಪಾಳಿಯಿದ್ದರೆ ನಾನು ಬಸ್ಸಿಳಿಯುವ ಹೊತ್ತಿಗೆ ನೀವು ಅಲ್ಲಿರುತ್ತೀರಿ. ಮುಖ ತಿರುಗಿಸುವುದು ಬೇಡ, ಊರು ನೋಡುತ್ತದೆ. ಮಕ್ಕಳಿದ್ದರೆ ಮೇಡಂ ಎನ್ನಿ.

ಲಕ್ಷ್ಮೀದೇವಮ್ಮ
ಸಹಶಿಕ್ಷಕಿ